‘ಅವರು ಅಂಥವರೇ’ ಅನ್ನೋ ಮುಂಚೆ

ನಮ್ಮ ಗೃಹಪ್ರವೇಶಕ್ಕೆ ಬಂದ ಅತ್ತೆ ಊಟ ಮಾಡದೆ ಎದ್ದು ಹೋದರು. ಹೀಗಂತ ನಾನು 11 ವರ್ಷ ನಂಬಿದ್ದೆ. ಹಸಿರು ಸೀರೆ, ಮುಖ ಗಂಟು ಹಾಕಿಕೊಂಡು ಹೊಸಿಲ ಹತ್ತಿರ ಚಪ್ಪಲಿ ಹುಡುಕಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಮೊನ್ನೆ ಆಲ್ಬಮ್ ತೆಗೆದರೆ ಎರಡನೇ ಪಂಕ್ತಿಯಲ್ಲಿ ಅತ್ತೆ ಆರಾಮಾಗಿ ಕೂತಿದ್ದಾರೆ, ಎಲೆ ಮೇಲೆ ಅರ್ಧ ತಿಂದ ಹೋಳಿಗೆ!

ಆಗಿದ್ದಿಷ್ಟೇ. ಅಮ್ಮ ‘ಬಂದ ಪುಟ್ಟ ಹೋದ ಪುಟ್ಟ ಅನ್ನೋ ಹಾಗೆ ಹೋದಳು’ ಅಂತ ಆಗಾಗ ಗೊಣಗುತ್ತಿದ್ದರು, ಉಳಿದ ಕಥೆ ನನ್ನ ತಲೆಯೇ ಹೆಣೆದಿತ್ತು. ನೆನಪು ಅಂದರೆ ಇಟ್ಟ ಜಾಗದಲ್ಲಿ ಇರೋ ಫೋಟೋ ಅಲ್ಲ, ತೆಗೆದಾಗಲೆಲ್ಲ ಹೊಸದಾಗಿ ಕಟ್ಟೋದು. ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ಬರೆದಿದ್ದರು. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಿಸಿ ಆಮೇಲೆ ನೆನಪಿಸಿಕೊಳ್ಳಿ ಅಂದರೆ, ಕೆನೂ (ಹುಟ್ಟು ಹಾಕೋ ಸಣ್ಣ ದೋಣಿ) ಹೋಗಿ ಬೋಟ್ ಆಗಿತ್ತು, ಸೀಲ್ ಬೇಟೆ ಹೋಗಿ ಮೀನು ಹಿಡಿಯೋದಾಗಿತ್ತು. ತಮಗೆ ಗೊತ್ತಿದ್ದದ್ದಕ್ಕೆ ಹೊಂದಿಸಿಕೊಂಡಿದ್ದರು.

ಹಾಗಾಗಿ ಯಾರ ಮೇಲಾದರೂ ಹಳೇ ಸಿಟ್ಟಿದ್ದರೆ ಒಂದು ಹಾಳೆ ತಗೊಳ್ಳಿ. ನಾನೇ ಕಂಡದ್ದು, ಬೇರೆಯವರು ಹೇಳಿದ್ದು, ನಾನು ಊಹಿಸಿದ್ದು ಅಂತ ಮೂರು ಸಾಲು ಮಾಡಿ. ಮೊದಲನೇ ಸಾಲು ಎಷ್ಟು ಚಿಕ್ಕದು ಅಂತ ನೋಡಿದರೆ ನಾಚಿಕೆ ಆಗುತ್ತೆ.

ಆಮೇಲೆ, ಅವರನ್ನು ಮೊದಲು ಕಂಡದ್ದು ಎಂಥ ದಿನ ಅಂತ ಕೇಳಿಕೊಳ್ಳಿ. 1946ರಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಒಂದು ಗುಂಪಿಗೆ ಒಬ್ಬ ವ್ಯಕ್ತಿಯ ಬಗ್ಗೆ ಆರು ಗುಣ ಓದಿ ಹೇಳಿದರು: ಬುದ್ಧಿವಂತ, ಶ್ರಮಜೀವಿ, ದುಡುಕಿನವನು, ಟೀಕಿಸುವವನು, ಹಟಮಾರಿ, ಹೊಟ್ಟೆಕಿಚ್ಚಿನವನು. ಇನ್ನೊಂದು ಗುಂಪಿಗೆ ಇದೇ ಪಟ್ಟಿ ತಲೆಕೆಳಗಾಗಿ. ಮೊದಲ ಗುಂಪಿಗೆ ಆತ ಒಳ್ಳೆಯವನಾಗಿ ಕಂಡ, ಎರಡನೆಯದಕ್ಕೆ ಅಷ್ಟು ಹಿಡಿಸಲಿಲ್ಲ. ಮೊದಲು ಕೇಳಿದ್ದೇ ಉಳಿದದ್ದಕ್ಕೆಲ್ಲ ಬಣ್ಣ ಹಚ್ಚಿತ್ತು.

ಇನ್ನು ಸಂದರ್ಭ. ಇದು ನಮ್ಮೂರ ವಿಷಯ, ಸ್ವಲ್ಪ ಖುಷಿಯಿಂದಲೇ ಹೇಳ್ತೀನಿ. ಮನಶ್ಶಾಸ್ತ್ರಜ್ಞೆ ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಷಿಕಾಗೋದವರನ್ನೂ ಮೈಸೂರಿನವರನ್ನೂ ಹೋಲಿಸಿದ್ದರು. ಅದರಲ್ಲಿ ಬರೋ ಒಂದು ಘಟನೆ: ಒಬ್ಬ ವಕೀಲ ಓಡಿಸುತ್ತಿದ್ದ ಬೈಕ್ ಅಪಘಾತವಾಯ್ತು, ಹಿಂದೆ ಕೂತಿದ್ದು ಗಾಯಗೊಂಡವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಆತ ಕೋರ್ಟಿಗೆ ಹೋದ. ಯಾಕೆ? ಅಮೆರಿಕದ ವಯಸ್ಕರು ಇಂಥ ಪ್ರಶ್ನೆಗೆ ಜಾಸ್ತಿ ಸ್ವಭಾವದ ಮಾತಾಡಿದರು, ಆತ ಬೇಜವಾಬ್ದಾರಿ ಅಂತ. ಮೈಸೂರಿನವರು ಕೋರ್ಟಲ್ಲಿ ಕಕ್ಷಿದಾರ ಕಾಯ್ತಿದ್ದ, ಗಾಬರಿಯಾಗಿತ್ತು ಅಂತೆಲ್ಲ ಸಂದರ್ಭ ನೋಡಿದರು. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಂದು ಉತ್ತರ ಬರದಿದ್ದಾಗ ಆ ಮೈಸೂರಿಗರ ಹಾಗೆ ಎರಡು ಕಾರಣ ಸುಮ್ನೆ ಯೋಚಿಸಿ. (ಸಾಲ ತಗೊಂಡು ಮೂರು ವರ್ಷ ತಪ್ಪಿಸಿಕೊಂಡು ಓಡಾಡೋರಿಗೆ ಈ ರಿಯಾಯಿತಿ ಬೇಡ, ಅಲ್ಲಿ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ.)

ಕೊನೆಗೆ, ಇನ್ನೊಬ್ಬರನ್ನು ಕೇಳಿ. ಆದರೆ ‘ಅತ್ತೆ ಅವತ್ತು ಸಿಟ್ಟಾಗಿದ್ರು ಅಲ್ವಾ?’ ಅಂತ ಕೇಳಬೇಡಿ, ಉತ್ತರ ನೀವೇ ಬಾಯಿಗೆ ಹಾಕಿದ ಹಾಗಾಗುತ್ತೆ. ‘ಅವತ್ತು ಅತ್ತೆ ಹೊರಟಾಗ ಏನಾಯ್ತು?’ ಅಂತ ಕೇಳಿ ಸುಮ್ಮನಾಗಿ.

ನಾನು ಅತ್ತೆಗೇ ಫೋನ್ ಮಾಡಿದೆ. ನಾಲ್ಕು ಗಂಟೆ ಬಸ್ಸಿತ್ತಂತೆ, ತಾಂಬೂಲಕ್ಕೂ ನಿಲ್ಲೋಕಾಗಲಿಲ್ಲವಂತೆ. ‘ನೀನು ಮಹಡಿ ಮೇಲೆ ಸ್ನೇಹಿತರ ಜೊತೆ ಕೂತಿದ್ದೆ ಕಣೋ, ಕರೆದರೂ ಬಾಗಿಲವರೆಗೆ ಇಳಿದು ಬರಲಿಲ್ಲ’ ಅಂದರು. ಹಾಗಾದರೆ ಚಪ್ಪಲಿ ಹುಡುಕಿದ್ದನ್ನು ನೋಡಿದ್ದು ಯಾರು?