ಕಪಾಟಿನ ಹಿಂದೆ ತೇವ ಎಷ್ಟಿದೆ? ಮನೆಯಲ್ಲೇ ಅಳೆಯುವುದು ಹೀಗೆ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಬಿಸಿಲು ನೋಡಲು ವಾರಗಟ್ಟಲೆ ಕಾಯಬೇಕು. ಅಂಥದ್ದೇ ಒಂದು ಜುಲೈನಲ್ಲಿ ಅವ್ವನ ಇಳಕಲ್ ಸೀರೆ ತೆಗೆಯಲು ಕಪಾಟು ತೆರೆದೆ. ಸೀರೆಯ ಮಡಿಕೆಯುದ್ದಕ್ಕೂ ಬಿಳಿ ಚುಕ್ಕಿ. ಕಪಾಟು ಸರಿಸಿದರೆ ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು. ನಮ್ಮ ಮನೆಯಲ್ಲಿ ಆಗಲೇ ತೇವಾಂಶ ಅಳೆಯುವ ಪುಟ್ಟ ಮೀಟರ್ ಇತ್ತು. ಹಾಲ್‌ನಲ್ಲಿ ಅದು 68 ತೋರಿಸುತ್ತಿತ್ತು. ಮಳೆಗಾಲಕ್ಕೆ ಇಷ್ಟಿದ್ದರೆ ಪರವಾಗಿಲ್ಲ ಎಂದುಕೊಂಡಿದ್ದೆವು. ಅದೇ ಮೀಟರನ್ನು ಕಪಾಟಿನ ಹಿಂದೆ ಎರಡು ಗಂಟೆ ಇಟ್ಟು ನೋಡಿದಾಗ 86 ಬಂತು.

ಒಂದೇ ಮನೆ, ಒಂದೇ ದಿನ. ಹಾಗಾದರೆ ಇಷ್ಟು ಫರಕು ಯಾಕೆ? ಮೀಟರಿನ ಅಂಕಿ ಅಂದರೆ, ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯಲ್ಲಿ ಶೇಕಡ ಎಷ್ಟು ಈಗ ಅದರಲ್ಲಿದೆ ಎಂಬುದು. ಗಾಳಿ ತಣ್ಣಗಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ನೀರಾವಿ ಕಡಿಮೆ. ಕೋಣೆಯ ನಡುವೆ 26 ಡಿಗ್ರಿ ಇದ್ದು ತೇವಾಂಶ 68 ಇದೆ ಎನ್ನಿ. ಮಳೆಗೆ ನೆನೆದ ಹೊರಗೋಡೆ 22 ಡಿಗ್ರಿ ಇದ್ದರೆ, ಅದಕ್ಕೆ ಅಂಟಿಕೊಂಡ ಗಾಳಿಯಲ್ಲಿ ತೇವಾಂಶ 85 ದಾಟುತ್ತದೆ. ನೀರಾವಿ ಅಷ್ಟೇ ಇದೆ, ಜಾಗ ಮಾತ್ರ ತಣ್ಣಗಿದೆ. ಬೂಷ್ಟು ಬೆಳೆಯುವುದು ಗೋಡೆಯ ಮೇಲೆ ಅಲ್ವಾ? ಅದಕ್ಕೇ ಅಳೆಯಬೇಕಾದದ್ದು ಗಾಳಿ ಆಡುವ ಹಾಲ್‌ನಲ್ಲಲ್ಲ, ಗಾಳಿ ಆಡದ ಮೂಲೆಯಲ್ಲಿ.

ಮೊದಲು ಮೀಟರ್

ಅಂಗಡಿಯಲ್ಲಿ ಡಿಜಿಟಲ್ ಹೈಗ್ರೋಮೀಟರ್ ಎಂದು ಕೇಳಿ. ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ ಸಾದಾ ಮೀಟರ್ ಸಾಕು. ಮೊಬೈಲ್‌ಗೆ ಸಂದೇಶ ಕಳಿಸುವಂಥದ್ದು ಬೇಕಿಲ್ಲ. ದುಬಾರಿ ಒಂದಕ್ಕಿಂತ ಅಗ್ಗದ ಎರಡು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಒಂದು ಹಾಲ್‌ಗೆ, ಇನ್ನೊಂದು ಮೂಲೆಗೆ.

ಅಗ್ಗದ ಮೀಟರ್‌ಗಳಲ್ಲಿ ನಾಲ್ಕೈದು ಅಂಕಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಎಷ್ಟು ಎಂದು ತಿಳಿಯಲು ಅಡುಗೆ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ ಹಸಿ ಮರಳಿನಂತೆ ಮಾಡಿ. ಉಪ್ಪು ಕರಗಬಾರದು. ಅದನ್ನೂ ಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿ ಹೋಗದಂತೆ ಮುಚ್ಚಿ, ರಾತ್ರಿಯಿಡೀ ಬಿಡಿ. ನೀರು ಮೀಟರ್‌ಗೆ ತಾಗದಂತೆ ನೋಡಿಕೊಳ್ಳಿ. ಹಸಿ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಯಾವಾಗಲೂ ಸುಮಾರು 75 ಇರುತ್ತದೆ. ನಿಮ್ಮ ಮೀಟರ್ 71 ತೋರಿಸಿದರೆ ಇನ್ನು ಮುಂದೆ ಅದರ ಲೆಕ್ಕಕ್ಕೆ 4 ಸೇರಿಸಿಕೊಳ್ಳಿ. ಹಿಂದೆ ಒಂದು ಚೀಟಿ ಅಂಟಿಸಿಬಿಟ್ಟರೆ ಮರೆಯುವುದಿಲ್ಲ.

ಎಲ್ಲಿಡಬೇಕು, ಯಾವಾಗ ನೋಡಬೇಕು

ಹೊರಗೋಡೆಗೆ ಒರಗಿದ ಕಪಾಟಿನ ಹಿಂದೆ. ಹಾಸಿಗೆಯ ತಲೆಭಾಗದ ಕೆಳಗೆ. ಬಚ್ಚಲಿಗೆ ಅಂಟಿಕೊಂಡ ಗೋಡೆಯ ಆಚೆ ಬದಿ. ಪುಸ್ತಕದ ಕಪಾಟಿನ ಕೆಳಗಿನ ಸಾಲು. ಒಂದೊಂದು ಕಡೆ ಎರಡು ದಿನ ಇಟ್ಟು, ಬೆಳಗ್ಗೆ ಎದ್ದ ಕೂಡಲೇ, ಅಡುಗೆ ಮುಗಿದ ಮೇಲೆ, ರಾತ್ರಿ ಮಲಗುವಾಗ ಅಂಕಿ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಬರೆದರೂ ಆಯಿತು. ವಾರದೊಳಗೆ ಮನೆಯ ಹಸಿ ಜಾಗ ಯಾವುದೆಂದು ಕಾಣುತ್ತದೆ.

ಮನೆಯೊಳಗೆ 60ಕ್ಕಿಂತ ಕಡಿಮೆ ಇರಲಿ, ಸಾಧ್ಯವಾದರೆ 30ರಿಂದ 50 ಎನ್ನುವುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಧಾರವಾಡದ ಆಷಾಢದಲ್ಲಿ 50 ನೋಡಲು ಹೊರಟರೆ ನಿರಾಸೆಯೇ ಸರಿ. 65ರ ಒಳಗೆ ತಂದರೆ ನನ್ನ ಮಟ್ಟಿಗೆ ದೊಡ್ಡ ಗೆಲುವು. ಮೂಲೆಯಲ್ಲಿ ದಿನಗಟ್ಟಲೆ 75-80 ನಿಂತರೆ ಮಾತ್ರ ಬೂಷ್ಟು ಬಂತೆಂದೇ ತಿಳಿಯಿರಿ. ಹುಬ್ಬಳ್ಳಿಯಲ್ಲಿ ಮಳೆ ನಮಗಿಂತ ಕಡಿಮೆ, ಗದಗದಲ್ಲಿ ಇನ್ನೂ ಕಡಿಮೆ. ಆದರೂ ಕಿಟಕಿ ಮುಚ್ಚಿದ ಫ್ಲಾಟ್‌ನ ಬಚ್ಚಲ ಗೋಡೆಗೆ ಊರಿನ ಹಂಗಿಲ್ಲ. ಡಬ್ಬಿಯ ಖಡಕ್ ರೊಟ್ಟಿ ಬಾಗತೊಡಗಿದರೆ, ಚುರುಮುರಿ ಮೆತ್ತಗಾದರೆ ಮೀಟರ್ ನೋಡಲು ಅದೂ ಒಂದು ನೆಪ.

ನೀರು ಬರುತ್ತಿರುವುದು ಎಲ್ಲಿಂದ?

ಗೋಡೆ ಒಳಗಿಂದ ನೆನೆದಿದೆಯೋ, ಕೋಣೆಯ ಗಾಳಿಯಿಂದ ನೆನೆದಿದೆಯೋ ಎಂದು ತಿಳಿಯದೆ ಬಣ್ಣ ಹೊಡೆಸಿದರೆ ದುಡ್ಡು ದಂಡ. ಅಂಗೈಯ ಎರಡರಷ್ಟು ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಂಡು, ಆ ಜಾಗ ಒರೆಸಿ, ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಗೋಡೆಯ ಕಡೆ ಹನಿ ಇದ್ದರೆ ತಾರಸಿ, ಪೈಪು ಅಥವಾ ಅಡಿಪಾಯದಿಂದ ನೀರು ಬರುತ್ತಿದೆ. ಗವಂಡಿಯನ್ನು ಕರೆಸಬೇಕು. ಕೋಣೆಯ ಕಡೆ ಹನಿ ಇದ್ದರೆ ನೀರು ನಮ್ಮ ಗಾಳಿಯದು. ಬಾಡಿಗೆ ಮನೆಯಾದರೆ ಈ ಫಾಯಿಲ್‌ನ ಫೋಟೊ, ಬರೆದಿಟ್ಟ ಅಂಕಿ ಎರಡನ್ನೂ ಮಾಲೀಕರಿಗೆ ತೋರಿಸಿ. ಜಗಳಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ನಮ್ಮ ಗಾಳಿಗೆ ಇಷ್ಟು ನೀರು ಎಲ್ಲಿಂದ ಸೇರುತ್ತದೆ? ಗ್ಯಾಸ್ ಉರಿದಾಗಲೂ ನೀರಾವಿ ಬರುತ್ತದೆ. 14.2 ಕಿಲೋ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಅಡುಗೆಮನೆ ಸೇರಿರುತ್ತದೆ. ಕುದಿಯುವ ಸಾರು, ಬೇಳೆ ಬೇರೆ. ಮಷಿನ್‌ನಲ್ಲಿ ಹಿಂಡಿದ ಒಂದು ಸಲದ ಬಟ್ಟೆಯಲ್ಲೂ ಒಂದೆರಡು ಲೀಟರ್ ಉಳಿದಿರುತ್ತದೆ. ಅದನ್ನು ಮಲಗುವ ಕೋಣೆಯಲ್ಲಿ ಫ್ಯಾನ್ ಕೆಳಗೆ ಒಣಗಿಸಿದರೆ ಆ ನೀರೆಲ್ಲ ಕಪಾಟಿನ ಹಿಂದೆ ಹೋಗಿ ಕೂರುತ್ತದೆ. ಬಟ್ಟೆಗೆ ಒಂದು ಕೋಣೆ ಗೊತ್ತುಮಾಡಿ, ಅದರ ಕಿಟಕಿ ತೆರೆದು ಬಾಗಿಲು ಮುಚ್ಚಿ. ಸ್ನಾನವಾದ ಮೇಲೆ ಬಚ್ಚಲ ಬಾಗಿಲು ಹಾಕಿ ಎಕ್ಸಾಸ್ಟ್ ಫ್ಯಾನ್ 20-30 ನಿಮಿಷ ಓಡಲಿ.

ಕಿಟಕಿ ತೆರೆಯಬೇಕೇ, ಬೇಡವೇ?

ಹೊರಗೆ 90 ಇರುವಾಗ ಕಿಟಕಿ ತೆರೆದರೆ ಮನೆ ಇನ್ನೂ ಹಸಿಯಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಯಾವಾಗಲೂ ಹಾಗಲ್ಲ. ಹೊರಗಿನ 22 ಡಿಗ್ರಿಯ, 90 ತೇವಾಂಶದ ಗಾಳಿ ಒಳಗೆ ಬಂದು 27 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ 67ರ ಸುತ್ತ ಇಳಿಯುತ್ತದೆ. ಒಳಗೆ ಮೊದಲೇ 78 ಇದ್ದರೆ ಲಾಭವೇ ಅಲ್ವಾ? ಮಳೆ ಬಿಟ್ಟ ಮಧ್ಯಾಹ್ನದ ಬೆಚ್ಚನೆಯ ಗಾಳಿ ತಣ್ಣಗಿನ ಕೋಣೆಗೆ ನುಗ್ಗಿದರೆ ಮಾತ್ರ ಉಲ್ಟಾ ಆಗುತ್ತದೆ, ಗೋಡೆ ಬೆವರುತ್ತದೆ. ಲೆಕ್ಕ ಬೇಡವೆಂದರೆ ಎದುರುಬದುರು ಕಿಟಕಿ ಅರ್ಧ ಗಂಟೆ ತೆರೆದು ಮೀಟರ್ ನೋಡಿ. ಅಂಕಿ ಇಳಿದರೆ ತೆರೆದಿಡಿ, ಏರಿದರೆ ಮುಚ್ಚಿ.

ಬ್ಯಾಡಗಿ ಕಡೆಯವರಿಗೆ ಇನ್ನೊಂದು ಉಪಾಯ ಹೇಳಿಕೊಡಬೇಕಿಲ್ಲ. ಮೆಣಸಿನಕಾಯಿ ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬಾರದೆಂದು ಅವರಿಗೆ ಗೊತ್ತು. ಕಪಾಟಿಗೂ ಅದೇ ಮಾತು. ಗೋಡೆಯಿಂದ ನಾಲ್ಕು ಬೆರಳು ಮುಂದೆ, ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿ. ಒಳಗೋಡೆಗೆ ಸರಿಸಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಬಟ್ಟೆ ಒತ್ತಿ ತುಂಬಬೇಡಿ.

ಈಗಾಗಲೇ ಬೂಷ್ಟು ಬಂದಿದ್ದರೆ ಒಣ ಪೊರಕೆಯಿಂದ ಕೆರೆಯಬೇಡಿ, ಅದರ ಪುಡಿ ಮನೆಯೆಲ್ಲ ಹರಡುತ್ತದೆ. ಉಬ್ಬಸ ಇರುವವರು, ಮಕ್ಕಳು ಆ ಕೋಣೆಯಲ್ಲಿ ಇರಬಾರದು. ಮಾಸ್ಕ್, ಕೈಗವಸು ಹಾಕಿ, ಸಾಬೂನು ನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಪೂರ್ತಿ ಒಣಗಿಸಿ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ಆಸಿಡ್ ಎಂದೂ ಬೆರೆಸಬೇಡಿ. ವಿಷಗಾಳಿ ಏಳುತ್ತದೆ. 3 ಅಡಿ ಉದ್ದ, 3 ಅಡಿ ಅಗಲಕ್ಕಿಂತ ದೊಡ್ಡ ಕಲೆಯಾದರೆ ತಿಳಿದವರಿಗೇ ಒಪ್ಪಿಸಿ.

ಅವ್ವನ ಸೀರೆಯ ಚುಕ್ಕಿ ಪೂರ್ತಿ ಹೋಗಲಿಲ್ಲ. ಕಪಾಟು ಈಗ ಒಳಗೋಡೆಗೆ ಬಂದಿದೆ. ಕಳೆದ ಮಳೆಗಾಲದಲ್ಲಿ ಅದರ ಹಿಂದಿನ ಮೀಟರ್ 70 ದಾಟಲಿಲ್ಲ.