ಹಳದಿ ನೆಲ, ಬಿಳಿ ಗೋಡೆ: ಮೂರನೇ ಸಲಕ್ಕೆ ಕೂಡಿ ಬಂತು

"ಅಕ್ಕಾ, ಹಳದಿ ಬೇಡ. ಬಿಳಿ ಗೋಡೆ ಮೇಲೆ ಅದರ ಛಾಯೆ ಬಿದ್ದು ಮನೆಗೇ ಕಾಮಾಲೆ ಬಂದಂಗೆ ಕಾಣ್ತದೆ. ಸುಮ್ನೆ ಕೆಂಪು ಹಾಕ್ಬಿಡಾಣ" ಅಂದಿದ್ದರು ನಮ್ಮ ಮೇಸ್ತ್ರಿ. ಸಿಮೆಂಟಿಗೆ ಬಣ್ಣದ ಆಕ್ಸೈಡ್ ಪುಡಿ ಬೆರೆಸಿ ಮಾಡುವ ನೆಲವನ್ನು 30 ವರ್ಷ ತೀಡಿದ ಕೈ ಅವರದು, ಎದುರು ಮಾತಾಡುವುದು ಸುಲಭವಲ್ಲ. ಇದೇ ಕೆಲಸದಲ್ಲಿರುವ ನನ್ನ ಇಬ್ಬರು ಗೆಳತಿಯರೂ ಅವರ ಪರವೇ. ಮೈಸೂರಿನ ನಮ್ಮ ಮನೆಯ ಹಾಲ್ ಮುಗಿದು ಈಗ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ನೆಲದಲ್ಲಿ ಒಂದು ಬಿರುಕಿಲ್ಲ, ಗೋಡೆ ಬೆಳ್ಳಗೇ ಇದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಈ ಜೋಡಿಯನ್ನು ನಾನು ಯಾವ ಕ್ಯಾಟಲಾಗ್ ನೋಡಿಯೂ ಆರಿಸಿದ್ದಲ್ಲ. ಹೊಸ್ತಿಲಿಗೆ ಅರಿಶಿನ ಬಳಿದು, ಅದು ಆರಿದ ಮೇಲೆ ರಂಗೋಲಿಯ ಬಿಳಿ ಎಳೆ ಎಳೆಯುವಾಗ ಎರಡೂ ಬಣ್ಣ ಎಷ್ಟು ತಿಳಿಯಾಗಿ ನಿಲ್ಲುತ್ತವೆ ಎಂದು ದಿನಾ ನೋಡುತ್ತೇವಲ್ಲ, ಅದೇ ಇಡೀ ಹಾಲ್‌ಗೆ ಬರಬೇಕಿತ್ತು.

ಮೊದಲ ಸಲ ಮಾಡಿದ್ದು ಹಿಂದಿನ ಸಣ್ಣ ಕೋಣೆಯಲ್ಲಿ. ಮಾಮೂಲಿ ಬೂದು ಸಿಮೆಂಟಿಗೆ ಹಳದಿ ಆಕ್ಸೈಡ್ ಹಾಕಿದೆವು. ಕೆಂಪು ಆಕ್ಸೈಡ್ ಸಿಮೆಂಟಿನ ಬೂದು ಬಣ್ಣವನ್ನು ನುಂಗಿಕೊಳ್ಳುತ್ತದೆ, ಹಳದಿಗೆ ಆ ಶಕ್ತಿ ಇಲ್ಲ. ಒಣಗಿದ ಮೇಲೆ ಪಾಚಿ ಕಟ್ಟಿದ ಹಾಗೆ ಹಸಿರು ಹಸಿರು. ಸುಮಾರು 8,000 ರೂಪಾಯಿ ಹೋಯಿತು.

ಎರಡನೇ ಸಲ ಹಾಲ್‌ನಲ್ಲೇ, ಬಿಳಿ ಸಿಮೆಂಟಿನಲ್ಲಿ. ತಪ್ಪೆಲ್ಲ ಆಗಿದ್ದು ಇಲ್ಲೇ. ಬಣ್ಣ ಗಾಢ ಬರಲಿ ಎಂದು 3 ಪಾಲು ಸಿಮೆಂಟಿಗೆ 1 ಪಾಲು ಆಕ್ಸೈಡ್ ಸುರಿದೆವು. 15 ದಿನಕ್ಕೆ ಕೂದಲೆಳೆ ಬಿರುಕು, ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಹಳದಿ ಪುಡಿ. ಕಬ್ಬಿಣದ ಕರಣೆಯಲ್ಲಿ ತೀಡಿದ್ದಕ್ಕೆ ಅಲ್ಲಲ್ಲಿ ಕಪ್ಪು ಗೀರು. ಮಿಶ್ರಣವನ್ನು ದಿನದಿನಕ್ಕೆ ಕಲಸಿದ್ದರಿಂದ ಮೊದಲ ದಿನದ ಹಳದಿ ಬೇರೆ, ಎರಡನೇ ದಿನದ್ದು ಬೇರೆ. ನಡುವೆ ಗಡಿ ಎಳೆದ ಹಾಗೆ ಕಾಣುತ್ತಿತ್ತು. ಸಾಲದ್ದಕ್ಕೆ ಕ್ಯೂರಿಂಗ್‌ಗೆ, ಅಂದರೆ ಸಿಮೆಂಟ್ ಬಿಗಿಯುವವರೆಗೆ ತೇವ ಆರದಿರಲಿ ಎಂದು, ಒದ್ದೆ ಗೋಣಿಚೀಲ ಹೊದಿಸಿದ್ದೆವು, ಅದರ ಕಂದು ಕಲೆ ಇಳಿದು ಮತ್ತೆ ಹೋಗಲೇ ಇಲ್ಲ. ಅಗೆದು ಹಾಕುವ ಕೂಲಿಯೂ ಸೇರಿ 25,000ದ ಹತ್ತಿರ ನಷ್ಟ. ಮನೆಯವರು ಏನೂ ಅನ್ನಲಿಲ್ಲ, ಆದರೆ ಟೈಲ್ಸ್ ಅಂಗಡಿಯ ಕಾರ್ಡು ಟಿವಿ ಪಕ್ಕದಲ್ಲೇ ಎರಡು ವಾರ ಇತ್ತು.

ಮೂರನೇ ಸಲ ಆಕ್ಸೈಡನ್ನು ಬಿಳಿ ಸಿಮೆಂಟಿನ ತೂಕದ ನೂರಕ್ಕೆ 8ರ ಆಸುಪಾಸಿಗೆ ಇಳಿಸಿದೆ. 10 ದಾಟಿದರೆ ಬಣ್ಣ ಹೆಚ್ಚುವುದಿಲ್ಲ, ನೆಲದ ಗಟ್ಟಿತನ ಮಾತ್ರ ಹೋಗುತ್ತದೆ. ಹಾಲ್ 250 ಚದರಡಿ. ಮೇಲಿನ ಪದರಕ್ಕೆ 90 ಕಿಲೋ ಬಿಳಿ ಸಿಮೆಂಟ್, ಹೆಚ್ಚುಕಮ್ಮಿ ಅಷ್ಟೇ ಮಾರ್ಬಲ್ ಪುಡಿ, 7 ಕಿಲೋ ಆಕ್ಸೈಡ್ ಹಿಡಿಯಿತು. ಅಷ್ಟನ್ನೂ ಒಂದೇ ಸಲಕ್ಕೆ ಒಣದಾಗಿ ಬೆರೆಸಿ, ಎರಡು ಸಲ ಜರಡಿ ಹಿಡಿದು, ಡ್ರಮ್ಮಿಗೆ ತುಂಬಿಸಿಟ್ಟೆ. ನೀರು ಮಾತ್ರ ಆಗಾಗಿನ ಕೆಲಸಕ್ಕೆ ತಕ್ಕಷ್ಟು. ಮೇಸ್ತ್ರಿಗೆ ಜರಡಿ ಕೆಲಸ ಹಿಡಿಸಲಿಲ್ಲ, ಅರ್ಧ ದಿನ ದಂಡ ಅಂದರು. ಬಣ್ಣ ಒಂದೇ ಸಮ ಬಂದಿದ್ದು ಆ ಅರ್ಧ ದಿನದಿಂದ. ನಾಲ್ಕು ಅಡಿಗೊಂದು ಗಾಜಿನ ಪಟ್ಟಿ ಕೂರಿಸಿ, ಮೊದಲು ಪ್ಲಾಸ್ಟಿಕ್ ಕರಣೆ, ಹದ ಬಂದ ಮೇಲೆ ಸ್ಟೇನ್‌ಲೆಸ್ ಸ್ಟೀಲಿನದು. ಹೊದಿಸಲಿಕ್ಕೆ ಒಗೆದ ಬಿಳಿ ಪಂಚೆಗಳು, ಎಂಟು ದಿನ ಆರದ ಹಾಗೆ ನೋಡಿಕೊಂಡೆ.

ಗೋಡೆಯಂಚಿಗೆ ಮೂರು ಇಂಚಿನ ಬಿಳಿ ಪಟ್ಟಿ ಇದೆ. ಹಳದಿ ಪೂರ್ತಿ ಬಿಗಿದ ಮೇಲಷ್ಟೇ ಅದನ್ನು ತುಂಬಿ. ಬಿಳಿ ಮೊದಲು ಹಾಕಿದರೆ ಹಳದಿ ನೀರು ಅದರೊಳಕ್ಕೆ ಇಳಿಯುತ್ತದೆ. ಕೊನೆಯ ಪಾಲಿಶ್‌ಗೆ ಕೊಬ್ಬರಿ ಎಣ್ಣೆ ಬೇಡ, ಕೆಂಪು ನೆಲಕ್ಕೆ ಅದು ಚೆಂದ, ಬಿಳಿ ಪಟ್ಟಿ ಮಾತ್ರ ತಿಂಗಳೊಳಗೆ ಜಿಡ್ಡಾಗುತ್ತದೆ. ನಾನು ಜೇನುಮೇಣದ ಜೊತೆ ಇನ್ನೊಂದನ್ನು ಬೆರೆಸುತ್ತೇನೆ. ಅದೇನು, ಎಷ್ಟು ಎನ್ನುವುದು ನನ್ನಲ್ಲೇ ಇರಲಿ. ಅದನ್ನು ಕಂಡುಕೊಳ್ಳಲು ನನಗೆ ಎರಡು ನೆಲದ ದುಡ್ಡು ಹಿಡಿದಿದೆ.

ಇಷ್ಟಾದರೂ ಮೇಸ್ತ್ರಿ ಹೇಳಿದ ಕಾಮಾಲೆ ಒಂದು ವಾರ ನಿಜವೇ ಆಗಿತ್ತು. ಬೆಳಿಗ್ಗೆ 10ರ ಬಿಸಿಲು ನೆಲಕ್ಕೆ ಬಿದ್ದು ಎದ್ದಾಗ ಗೋಡೆಯ ಕೆಳಭಾಗ ಹಸಿರು ಮಿಶ್ರಿತ ಬೂದು, ಕಾಯಿಲೆಯ ಬಣ್ಣ. ನೆಲವನ್ನು ಬೈದುಕೊಂಡು ಮೂರು ದಿನ ಕೂತಿದ್ದೆ. ಆಮೇಲೆ ಸುಣ್ಣ ಕಲಸಿದ ಬಕೀಟು ನೋಡಿದಾಗ ಹೊಳೆಯಿತು: ಬೆಳ್ಳಗೆ ಕಾಣಲಿ ಎಂದು ಸುಣ್ಣಕ್ಕೆ ನೀಲಿ ಹಾಕುತ್ತೇವಲ್ಲ! ನೆಲದಿಂದೇಳುವ ಹಳದಿ ಬೆಳಕು ಆ ನೀಲಿಯ ಮೇಲೆ ಬಿದ್ದರೆ ಇನ್ನೇನಾದೀತು? ಗೋಡೆ ಉಜ್ಜಿಸಿ, ನೀಲಿಯ ಒಂದು ಹನಿಯೂ ಇಲ್ಲದ ಸುಣ್ಣವನ್ನು ತೆಳುವಾಗಿ ಮೂರು ಕೈ ಹೊಡೆಸಿದೆ. ಈಗ ಅದೇ 10ರ ಬಿಸಿಲಿಗೆ ಗೋಡೆ ಹಾಲಿನ ಕೆನೆಯ ಹಾಗಿರುತ್ತದೆ. ಪೇಂಟಿನ ಗೋಡೆಗೂ ಇದೇ ಮಾತು: ಅಂಗಡಿಯವರು ಕೊಡುವ ಹಿಮದಂಥ ಬಿಳಿಯಲ್ಲಿ ನೀಲಿ ಛಾಯೆ ಇದೆಯೇ ಎಂದು ಹಳದಿ ಕಾಗದದ ಪಕ್ಕ ಹಿಡಿದು ನೋಡಿ. ಹಳದಿಯ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಕೆಡಿಸುವುದು ಬಿಳಿ. ಅದೇ ಕಾರಣಕ್ಕೆ ನೀಲಿ ಛಾಯೆಯ ಬೆಳಕು ಕೊಡುವ 6500 ಕೆಲ್ವಿನ್ನಿನ ಟ್ಯೂಬ್‌ಲೈಟ್ ತೆಗೆದು ಬೆಚ್ಚನೆಯ ಬೆಳಕಿನ 3000ದ ಬಲ್ಬು ಹಾಕಿದೆ. ಹಳದಿ ಪರದೆ, ಹಳದಿ ದಿಂಬು ಎಲ್ಲ ಒಳಗಿಟ್ಟೆ. ಹಳದಿ ಒಂದೇ ಕಡೆ ಇರಬೇಕು.

ನಡುವೆ ಇನ್ನೊಂದು ಪ್ರಯೋಗವಾಯಿತು. ಉಳಿದ ಹಳದಿ ಆಕ್ಸೈಡನ್ನು ಅಂಗಳದಲ್ಲಿ ಸೌದೆ ಒಲೆ ಹೂಡಿ, ಹಳೇ ಕಬ್ಬಿಣದ ಬಾಣಲೆಯಲ್ಲಿ ಹುರಿದೆ. ಹತ್ತು ನಿಮಿಷಕ್ಕೆ ಅಂಚಿನಿಂದ ಬಣ್ಣ ತಿರುಗಲು ಶುರುವಾಗಿ, ಕೈಯಾಡಿಸುತ್ತಿದ್ದ ಹಾಗೆ ಬೆಲ್ಲದ ಕಂದು, ಆಮೇಲೆ ಕಾವಿಯ ಕೆಂಪು. ಅದರೊಳಗಿನ ನೀರಿನಂಶ ಬೆಂಕಿಯ ಬಿಸಿಗೆ ಹೋಗಿಬಿಡುತ್ತದೆ, ಅಷ್ಟೇ. ಬೆಲ್ಲದ ಬಣ್ಣದ ಹಂತದಲ್ಲಿ ಇಳಿಸಿದ ಒಂದು ಹಿಡಿಯಿಂದ ದೇವರ ಮನೆಯ ಮುಂದೆ ಒಂದು ಪದ್ಮ ತುಂಬಿಸಿದೆ. ಬಂದವರೆಲ್ಲ ಆ ಬಣ್ಣ ಯಾವ ಅಂಗಡಿಯದು ಎಂದು ಕೇಳುತ್ತಾರೆ. ಮಾಡುವವರು ಮನೆಯೊಳಗೆ ಮಾತ್ರ ಹುರಿಯಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಮೂರನೇ ಸಲದ ಖರ್ಚು ಕೆಳಗಿನ ಗಾರೆಯೂ ಸೇರಿ 33,000 ಇರಬಹುದು, ಚದರಡಿಗೆ 130ರ ಸುತ್ತ. ಅದರಲ್ಲಿ ಅರ್ಧ ಕೂಲಿಯೇ. ಬಿಳಿ ಸಿಮೆಂಟ್ ಕಿಲೋಗೆ 26ರಂತೆ ಸಿಕ್ಕಿತು.

ಮೊನ್ನೆ ಮೇಸ್ತ್ರಿ ತಮ್ಮ ಇನ್ನೊಬ್ಬ ಗಿರಾಕಿಯನ್ನು ಕರೆದುಕೊಂಡು ಬಂದಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಕಿಟಕಿಯ ಕೆಳಗೆ ಕೂತು ನೆಲದ ಮೇಲೆ ಅಂಗೈ ಆಡಿಸಿ, "ಹಳದಿಗೆ ಜರಡಿ ಹಿಡೀಲೇಬೇಕು ಸಾರ್, ಅರ್ಧ ದಿನ ಹೋದ್ರೂ ಪರವಾಗಿಲ್ಲ" ಅಂದರು.