ಬೊಲೋನ್ಯದ ಹಳೇ ತ್ರತ್ತೋರಿಯಾದಲ್ಲಿ ಊಟ ಮಾಡುವ ಬಗೆ

ಇಟಲಿಯಲ್ಲಿ ಮನೆಯವರೇ ನಿಂತು ನಡೆಸುವ ಹಳೇ ಕಾಲದ ಊಟದ ಹೋಟೆಲನ್ನು ತ್ರತ್ತೋರಿಯಾ ಅನ್ನುತ್ತಾರೆ. ಬೊಲೋನ್ಯದಲ್ಲಿ ಓದುತ್ತಿದ್ದ ಎರಡು ವರ್ಷ ನನಗೆ ಹಬ್ಬದೂಟ ಅಂದರೆ ಅದೇ. ನೀವು ಹೋಗುವುದಾದರೆ ಸಮಯ ನೋಡಿಕೊಳ್ಳಿ. ಮಧ್ಯಾಹ್ನ 12.30ರಿಂದ 2.30ರ ತನಕ, ರಾತ್ರಿ 7.30ರ ಮೇಲೆ. ನಡುವೆ ಹೋದರೆ ಹೆಚ್ಚಿನ ಕಡೆ ಬಾಗಿಲು ಹಾಕಿರುತ್ತದೆ. ಭಾನುವಾರ ಮಧ್ಯಾಹ್ನ ಅಜ್ಜಿ, ಮೊಮ್ಮಕ್ಕಳು ಎಲ್ಲ ಸೇರಿ ಬರುತ್ತಾರೆ. ಮೊದಲೇ ಫೋನ್ ಮಾಡಿ ಜಾಗ ಹೇಳಿಡಿ.

ಒಳಗೆ ಹೋದ ಕೂಡಲೇ ‘ಬುವೊನ್ ಜೋರ್ನೊ’ ಅನ್ನಿ. ಖಾಲಿ ಮೇಜು ಕಂಡಿತು ಅಂತ ಸುಮ್ನೆ ಹೋಗಿ ಕೂರಬೇಡಿ. ಅವರೇ ಕರೆದು ಕೂರಿಸುತ್ತಾರೆ.

ಮೆನುವಿನಲ್ಲಿ ಮೊದಲು ಆಂತಿಪಾಸ್ತೊ, ಅಂದರೆ ಶುರುವಿಗೆ ಬಾಯಾಡಿಸುವುದು. ಆಮೇಲೆ ಪ್ರೀಮೊ, ಅದರಲ್ಲಿ ಪಾಸ್ತಾ, ಸೂಪು. ಸೆಕೊಂದೊ ಅಂದರೆ ಮಾಂಸ, ಮೀನು. ಕೊಂತೋರ್ನೊ ಅಂದರೆ ಜೊತೆಗೆ ತರಕಾರಿ. ಎಲ್ಲವನ್ನೂ ತಗೊಳ್ಳಲೇಬೇಕು ಅಂತೇನಿಲ್ಲ. ನಾನು ಯಾವಾಗಲೂ ಒಂದು ಪ್ರೀಮೊ, ಒಂದು ಕೊಂತೋರ್ನೊ ಹೇಳುತ್ತಿದ್ದೆ. ಹೊಟ್ಟೆ ತುಂಬುತ್ತಿತ್ತು.

ಸಸ್ಯಾಹಾರಿಗಳು ಒಂದು ಅಕ್ಷರ ಜೋಪಾನವಾಗಿ ಓದಬೇಕು. ತೊರ್ತೆಲ್ಲೀನಿ ಬೇರೆ, ತೊರ್ತೆಲ್ಲೋನಿ ಬೇರೆ. ಮೊದಲನೆಯದು ಚಿಕ್ಕದು, ಒಳಗೆ ಹಂದಿ ಮಾಂಸದ ಹೂರಣ, ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ ಬರುತ್ತದೆ. ಹೋದ ಮೊದಲ ವಾರ ನಾನು ಅದನ್ನೇ ತರಿಸಿಕೊಂಡು, ಚಮಚ ಬಾಯಿಗಿಟ್ಟ ಮೇಲೆ ಗೊತ್ತಾಗಿ ತುಂಬಾ ಸಂಕಟಪಟ್ಟೆ. ತೊರ್ತೆಲ್ಲೋನಿ ದೊಡ್ಡದು, ಸಾಮಾನ್ಯವಾಗಿ ಒಳಗೆ ರಿಕೋತ್ತಾ ಗಿಣ್ಣು. ‘ಬುರ್ರೊ ಎ ಸಾಲ್ವಿಯಾ’, ಅಂದರೆ ಬೆಣ್ಣೆ ಮತ್ತು ಸೇಜ್ ಅನ್ನುವ ಘಮದ ಸೊಪ್ಪು ಹಾಕಿದ್ದು, ಅಂತ ಕೇಳಿ. ನಮ್ಮ ಕಡುಬಿನ ಹಾಗೆ ಮಡಿಚಿದ, ಮೊಟ್ಟೆ ಕಲಸಿದ ಹಳದಿ ಹಾಳೆಯ ಮೇಲೆ ಕರಗಿದ ಬೆಣ್ಣೆ ಹೊಳೆಯುತ್ತಿರುತ್ತದೆ. ಬೆಣ್ಣೆಯಲ್ಲಿ ಗರಿಗರಿಯಾದ ಸೇಜ್ ಎಲೆ ಹಲ್ಲಿಗೆ ಸಿಕ್ಕಿದಾಗ ಬರುವ ಘಮವೇ ಬೇರೆ! ಪಾರ್ಮಿಜಾನೊ ಚೀಸನ್ನು ಮಾತ್ರ ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪು ಹಾಕಿರುತ್ತಾರೆ, ಹೂರಣಕ್ಕೂ ಬೆರೆಸಿರಬಹುದು. ಕಟ್ಟುನಿಟ್ಟಿನವರು ವಿಚಾರಿಸಿಯೇ ತಿನ್ನಿ.

ತಟ್ಟೆಯಲ್ಲಿ ಉಳಿದ ಬೆಣ್ಣೆಯನ್ನು ಬ್ರೆಡ್ಡಿನ ಚೂರಿನಿಂದ ಬಳಿದು ತಿನ್ನಿ. ಅದಕ್ಕೆ ಸ್ಕಾರ್ಪೆತ್ತಾ, ಅಂದರೆ ಪುಟ್ಟ ಬೂಟು, ಅನ್ನುತ್ತಾರೆ. ಇಂಥ ಕಡೆ ಯಾರೂ ತಪ್ಪು ತಿಳಿಯಲ್ಲ. ಮಾಡಿದವರಿಗೆ ಖುಷಿಯೇ.

ಊಟದ ಮೇಲೆ ಎಸ್ಪ್ರೆಸ್ಸೊ ಕುಡಿಯಿರಿ. ಹಾಲು ಹಾಕಿದ ಕಪ್ಪುಚೀನೊ ಅವರಿಗೆ ಬೆಳಗಿನದು. ಬಿಲ್ಲು ತಾನಾಗಿ ಬರುವುದಿಲ್ಲ. ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಅಲ್ವಾ? ಹೊರಡುವಾಗ ‘ಇಲ್ ಕೊಂತೊ, ಪೆರ್ ಫವೋರೆ’ ಅನ್ನಿ. ಅದರಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಎರಡು ಮೂರು ಯೂರೊ ಸೇರಿರುತ್ತದೆ. ಬ್ರೆಡ್ಡು, ಮೇಜಿನ ಬಟ್ಟೆಯ ಲೆಕ್ಕ ಅದು, ಮೋಸ ಅಲ್ಲ. ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಎದ್ದು ಹೊರಡುವಾಗ ಅಡುಗೆಮನೆ ಕಡೆ ತಿರುಗಿ ‘ತುತ್ತೊ ಬುವೊನಿಸ್ಸಿಮೊ’, ಅಂದರೆ ಎಲ್ಲಾ ತುಂಬಾ ಚೆನ್ನಾಗಿತ್ತು, ಅಂತ ಒಂದು ಮಾತು ಹೇಳಿ, ಒಳಗಿನವರಿಗೆ ಕೇಳಿಸುವ ಹಾಗೆ.